ಪಕ್ಕದ ಮಣೆಗೆ ಒಂದು ಮಗು

ನನ್ನ ಹೊಟ್ಟೆಯ ಬಗ್ಗೆ ಮೊದಲು ತಕರಾರು ತೆಗೆದವಳು ನನ್ನ ಮಗಳು. ಐದನೇ ತಿಂಗಳಿಗೆ ಹೊಟ್ಟೆ ಕಾಣಿಸಿಕೊಂಡಿದ್ದೇ ತಡ, ದಿನಾ ಬೆಳಿಗ್ಗೆ ಎದ್ದ ಕೂಡಲೇ ಬಂದು ಎರಡೂ ಅಂಗೈ ಇಟ್ಟು ಅದನ್ನು ಒಳಕ್ಕೆ ದೂಡೋಳು. ಬಟ್ಟೆ ಜಾಸ್ತಿ ತುರುಕಿ ಮುಚ್ಚದೇ ಇರೋ ಕಪಾಟಿನ ಬಾಗಿಲು ದೂಡ್ತೀವಲ್ಲ, ಹಾಗೆ. ಹೋಗಲಿಲ್ಲ ಅಂದರೆ ನನ್ನ ಮುಖವನ್ನೊಮ್ಮೆ ಸಿಟ್ಟಿಂದ ನೋಡಿ, ನೀನೇ ಏನಾದರೂ ಮಾಡಿಕೋ ಅನ್ನೋ ಹಾಗೆ ಹೊರಟುಹೋಗೋಳು. ಅವಳಿಗೆ ಆಗ ಐದು ತುಂಬಿ ಆರು ನಡೀತಿತ್ತು. ಆಟಿಸಂ ಇದೆ, ಮಾತಿಲ್ಲ. ಮಾತಿಲ್ಲ ಅಂದರೆ ಹೇಳೋದಕ್ಕೆ ಏನೂ ಇಲ್ಲ ಅಂತಲ್ಲ. ನಮ್ಮನೇಲಿ ಅತಿ ಹೆಚ್ಚು ಹುಕುಂ ಹೊರಡಿಸೋದು ಅವಳೇ.

ನಾವಿರೋದು ಹೊಸನಗರದಲ್ಲಿ. ನನ್ನ ಗಂಡನಿಗೆ ತಾಲೂಕು ಆಫೀಸಿನ ಹತ್ತಿರ ಒಂದು ಜೆರಾಕ್ಸ್ ಅಂಗಡಿ. ನಾನು ಮನೇಲೇ ಬ್ಲೌಸ್ ಹೊಲೀತೀನಿ. ಅತ್ತೆ ನಮ್ಮ ಜೊತೆಗಿದ್ದಾರೆ. ವಾರಕ್ಕೆ ಎರಡು ದಿನ ಮಗಳನ್ನು ಸಾಗರಕ್ಕೆ ಸ್ಪೀಚ್ ಥೆರಪಿಗೆ ಕರಕೊಂಡು ಹೋಗೋದು ನನ್ನ ಕೆಲಸ. ಬಸ್ಸಲ್ಲಿ ಎಡಗಡೆ ಮೂರನೇ ಸೀಟು, ಕಿಟಕಿ ಪಕ್ಕ, ಅದು ಅವಳದು. ಬೇರೆ ಯಾರಾದರೂ ಕೂತಿದ್ದರೆ ಎದುರಿಗೆ ನಿಂತು ಕಣ್ಣು ಮಿಟುಕಿಸದೆ ಅವರ ಮಂಡಿ ನೋಡ್ತಾಳೆ. ಮುಖ ನೋಡಿದ್ದರೆ ತಡಕೊಳ್ಳಬಹುದು, ಮಂಡಿ ನೋಡಿದರೆ ಯಾರಿಗೂ ಕೂರೋಕಾಗಲ್ಲ. ಎದ್ದೇ ಏಳ್ತಾರೆ. ಆಮೇಲೆ ಬಸ್ಸು ಕೊನೇ ಸ್ಟಾಪ್ ಮುಟ್ಟೋವರೆಗೆ ಅವಳು ಇಳಿಯೋದಿಲ್ಲ. ನಡುವೆ ಇಳಿಸಲಿಕ್ಕೆ ಹೋದರೆ ಕಂಡಕ್ಟರೇ ಇಳಿದು ಓಡಬೇಕು, ಹಾಗೆ ಕೂಗ್ತಾಳೆ.

ಏಳು ತಿಂಗಳ ಹೊಟ್ಟೆ ಹೊತ್ತುಕೊಂಡು, ಮಾತಾಡದ ಮಗುವನ್ನು ಕೈಯಲ್ಲಿ ಹಿಡಕೊಂಡು ಬಸ್ಸು ಹತ್ತಿದರೆ ಸಾಕು, ನೀವು ಊರಿನ ಸ್ವತ್ತು. ಯಾರು ಬೇಕಾದರೂ ವಿಚಾರಿಸಬಹುದು. ಒಂದು ದಿನ ಪಕ್ಕದಲ್ಲಿ ಕೂತ ಹೆಂಗಸು ನನ್ನ ಹೊಟ್ಟೆಯಿಂದ ಶುರುಮಾಡಿ ಮಗಳವರೆಗೆ ಬಂದು, ವಿಷಯ ಎಲ್ಲ ತಿಳಕೊಂಡು, ನಾಲಿಗೆ ಲೊಚಗುಟ್ಟಿ, "ಹಿಂಗಿದ್ರೂ ಇನ್ನೊಂದಕ್ಕೆ ಧೈರ್ಯ ಮಾಡಿದ್ಯಲ್ಲ ಮಾರಾಯ್ತಿ" ಅಂದಳು.

"ನಿಮ್ಮನೇಲಿ ಎಲ್ಲರೂ ಮಾತಾಡ್ತಾರಾ?" ಅಂತ ಕೇಳಿದೆ.

"ಹೂಂ ಮತ್ತೆ!"

"ಯಾರಾದ್ರೂ ಕೇಳಿಸ್ಕೊಳ್ತಾರಾ?"

ಆಮೇಲೆ ಸಾಗರದವರೆಗೂ ಆಕೆ ತನ್ನ ಬ್ಯಾಗಿನ ಜಿಪ್ ಎಳೀತಾ ಹಾಕ್ತಾ ಕೂತಿದ್ದಳು. ನನ್ನ ಬಾಯಿ ಹಾಗೇ, ಕತ್ತರಿ ಹಿಡಿದು ಹಿಡಿದು ಅದಕ್ಕೂ ಅದೇ ಚಾಳಿ ಬಿದ್ದುಬಿಟ್ಟಿದೆ. ಆದರೆ ಸತ್ಯ ಹೇಳಿಬಿಡ್ತೀನಿ. ಆಕೆಯ ಮಾತಿನೊಳಗಿದ್ದ ಪ್ರಶ್ನೆಯನ್ನು ನಾನೂ ಸ್ಕ್ಯಾನಿಂಗ್ ಡಾಕ್ಟರ ಹತ್ತಿರ ಮೂರು ಸಲ ಕೇಳಿ ಆಗಿತ್ತು. ಎರಡನೇದೂ ಹಾಗೇ ಆಗುತ್ತಾ? "ಇದು ಸ್ಕ್ಯಾನಿಂಗಲ್ಲಿ ಕಾಣಲ್ಲಮ್ಮ, ಮಗು ಹುಟ್ಟಿ ಬೆಳೀಬೇಕು" ಅಂತ ಅವರು ಮೂರು ಸಲವೂ ಅದೇ ಮಾತು ಹೇಳಿದರು. ಮಗಳ ಮೇಲೆ ನನಗೆ ಎಷ್ಟು ಪ್ರೀತಿಯೋ ಅಷ್ಟೇ ಭಯ ಹೊಟ್ಟೆಯಲ್ಲಿರೋದರ ಬಗ್ಗೆ. ಈ ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಬ್ಲೌಸಿಗೆ ಹುಕ್ಕು ಹಾಕ್ತಾ ಕೂತಿರೋದು ಏನು ಹಿಂಸೆ ಅಂತ ಯಾರಿಗೆ ಹೇಳಲಿ.

ಇಂಥ ಹೊತ್ತಿಗೆ ಹೊಳೆಯಾಚೆಯ ಬ್ಯಾಕೋಡಿನಿಂದ ದೊಡ್ಡತ್ತೆ ಬಂದರು. ಅವರು ನನ್ನ ತೀರಿಹೋದ ಮಾವನ ಅಕ್ಕ. ಹೊಳೆಗೆ ಸೇತುವೆ ಆದ ಮೇಲೆ ಅವರು ಬರೋದು ಜಾಸ್ತಿಯಾಗಿದೆ. ಮೊದಲಾದರೆ ಲಾಂಚಿಗೆ ಕಾಯಬೇಕು ಅನ್ನೋ ಬೇಜಾರಿಗೆ ವರ್ಷಕ್ಕೊಂದು ಸಲ ಬರ್ತಿದ್ದರು. ಸೇತುವೆಯಿಂದ ಎಲ್ಲರಿಗೂ ಅನುಕೂಲವಾಯಿತು ಅಂತ ಜನ ಹೇಳೋವಾಗ ನಾನು ಸುಮ್ಮನಿರ್ತೀನಿ.

ದೊಡ್ಡತ್ತೆ ಚೀಲ ಇಳಿಸಿ, ನೀರು ಕುಡಿದು, "ಇದಕ್ಕೆ ಬಯಕೆ ಊಟ ಹಾಕಲೇಬೇಕು" ಅಂದರು.

ನಮ್ಮಲ್ಲಿ ಬಸುರಿಗೆ ಏಳರಲ್ಲಿ ಬಯಕೆ ಊಟ ಹಾಕ್ತಾರೆ. ಹಸಿರು ಸೀರೆ, ಹಸಿರು ಬಳೆ, ಎದುರಿಗೆ ದೊಡ್ಡ ಬಾಳೆ ಎಲೆ, ಎಲೆ ತುಂಬ ಆಸೆಯ ಅಡುಗೆ. ಬಸುರಿಯ ಪಕ್ಕದಲ್ಲಿ ಇನ್ನೊಂದು ಮಣೆ ಹಾಕಿ, ಗಟ್ಟಿಮುಟ್ಟಾದ ಒಂದು ಮಗುವನ್ನು ಕೂರಿಸಿ, ಅದೇ ಎಲೆಯಿಂದ ಅದಕ್ಕೂ ತಿನ್ನಿಸ್ತಾರೆ. ಹುಟ್ಟೋ ಮಗು ಪಕ್ಕದ ಮಣೆ ಮಗುವಿನ ಹಾಗೇ ಆಗಲಿ ಅಂತ. ಇದೆಲ್ಲ ಚೊಚ್ಚಲಿಗೆ ಮಾತ್ರ. ಎರಡನೇ ಬಸುರಿಗೆ ಒಂದು ಡಜನ್ ಬಳೆ ಕೊಟ್ಟರೆ ಅದೇ ದೊಡ್ಡದು.

"ಎರಡನೇದಕ್ಕೆ ಯಾರು ಹಾಕ್ತಾರೆ ಅತ್ತಿಗೆ?" ಅಂತ ನಮ್ಮತ್ತೆ ಕೇಳಿದರು.

"ಮೊದಲನೇದು ಕೆಟ್ಟಿತ್ತಲ್ಲ!" ಅಂದರು ದೊಡ್ಡತ್ತೆ.

ಆ ಮೊದಲನೇದರ ಕತೆ ಹೇಳಬೇಕು. ಆಗ ಲಾಕ್‌ಡೌನ್. ನಾನು, ನನ್ನ ಗಂಡ, ಅತ್ತೆ, ಪಕ್ಕದ ಮನೆಯ ಒಬ್ಬರು, ಎಲ್ಲರ ಬಾಯಿಗೂ ಮಾಸ್ಕು. ಅಡುಗೆಯೇನೋ ಆಯಿತು. ಪಕ್ಕದ ಮಣೆಗೆ ಮಗು ಎಲ್ಲಿಂದ ತರೋದು? ಯಾರೂ ತಮ್ಮ ಮಗುವನ್ನು ಹೊಸಿಲು ದಾಟಿಸೋ ಕಾಲ ಅಲ್ಲ. ಕೊನೆಗೆ ನನ್ನ ಗಂಡನ ತಲೆ ಓಡಿತು. ಮಣೆ ಮೇಲೆ ಅಕ್ಕಿ ಡಬ್ಬ, ಡಬ್ಬಕ್ಕೆ ಒರಗಿಸಿ ಮೊಬೈಲು, ಮೊಬೈಲಲ್ಲಿ ತೀರ್ಥಹಳ್ಳಿಯ ನೆಂಟರ ಮೂರು ವರ್ಷದ ಹುಡುಗ, ವಿಡಿಯೋ ಕಾಲ್. ಆ ಮೊಬೈಲಿಗೆ ಆರತಿ ಎತ್ತಿದರು, ಕುಂಕುಮ ಹಚ್ಚಿದರು. ಕುಂಕುಮ ಕ್ಯಾಮೆರಾಕ್ಕೆ ಬಿದ್ದು ಆ ಕಡೆಯವರಿಗೆ ನಾವೆಲ್ಲ ಕೆಂಪಗೆ ಕಂಡೆವಂತೆ. ಅತ್ತೆ ಒಂದು ತುತ್ತು ಪಾಯಸ ಹಿಡಿದು "ಆ ಮಾಡೋ" ಅಂದರು. ಹುಡುಗ ಆ ಮಾಡಿದ. ಅಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಹುಡುಗ ಬಾಯಿ ತೆರೆದವನು ತೆರೆದ ಹಾಗೇ ನಿಂತ. ಶಬ್ದ ಇಲ್ಲ, ಅಲ್ಲಾಟ ಇಲ್ಲ, ನಡುವೆ ಒಂದು ಚಕ್ರ ತಿರುಗ್ತಾ ಇತ್ತು. ಕಾದೆವು, ಕಾದೆವು, ಆಮೇಲೆ ಸಾರು ತಣ್ಣಗಾಗುತ್ತೆ ಅಂತ ಊಟ ಮಾಡಿದೆವು. ನನಗೆ ನಕ್ಕು ನಕ್ಕು ಪಕ್ಕೆ ನೋವು ಬಂದಿತ್ತು.

ಮಗಳು ಹುಟ್ಟಿದಳು. ಮೂರು ವರ್ಷ ಆದರೂ ಮಾತು ಬರಲಿಲ್ಲ. ಹೆಸರು ಹಿಡಿದು ಕರೆದರೆ ತಿರುಗಲ್ಲ, ಫ್ಯಾನು ತಿರುಗೋದನ್ನೇ ನೋಡ್ತಾಳೆ. ಶಿವಮೊಗ್ಗ, ಮಣಿಪಾಲ ಎಲ್ಲ ಸುತ್ತಿ ನಾವು ಆಟಿಸಂ ಅನ್ನೋ ಮಾತು ಕಲಿತು ಬಂದರೆ, ದೊಡ್ಡತ್ತೆ ಬ್ಯಾಕೋಡಿನಲ್ಲಿ ಕೂತು ಕಾರಣ ಕಂಡುಹಿಡಿದಿದ್ದರು. "ಮೊಬೈಲಲ್ಲಿ ಆ ಹುಡುಗ ಬಾಯಿ ತೆರೆದು ಮಾತಿಲ್ಲದೆ ನಿಂತ ನೋಡು. ಕಣ್ಣೆದುರು ಚಕ್ರ ಬೇರೆ ತಿರುಗ್ತಿತ್ತು. ಅಲ್ಲಿಗೆ ಎಲ್ಲ ಹೇಳಿದಂಗೆ ಆಯ್ತು."

ಮೊದಲ ಸಲ ಕೇಳಿದಾಗ ಜಗಳ ಆಡಿದೆ. ಎರಡನೇ ಸಲ ನಕ್ಕೆ. ಮೂರನೇ ಸಲ, ನಾಚಿಕೆಯಿಲ್ಲದೆ ಹೇಳ್ತೀನಿ, ಗಂಡನ ಹತ್ತಿರ ಎರಡು ದಿನ ಮಾತು ಬಿಟ್ಟೆ, ಜಿಯೋ ಸಿಮ್ ಹಾಕ್ಕೊಳ್ಳಿ ಅಂತ ನಾನು ಅವತ್ತೇ ಹೇಳಿದ್ದೆ ಅಂತ. ಬಿ.ಎಸ್ಸಿ. ಓದಿದವಳು ನಾನು!

ಸರಿ, ಈ ಸಲ ತಪ್ಪಾಗಬಾರದು. ದೊಡ್ಡತ್ತೆ, ಅತ್ತೆ, ಫೋನಲ್ಲಿ ಸಾಗರದಿಂದ ನಾದಿನಿ, ಮೂವರ ಕಮಿಟಿ ಕೂತಿತು. ನಾನು ಪಕ್ಕದಲ್ಲೇ ಮಿಷನ್ ತುಳೀತಾ ಕೇಳಿಸ್ಕೊಳ್ತಿದ್ದೆ. ಒಂದು ಮಗು ಚೆನ್ನಾಗಿ ಮಾತಾಡುತ್ತೆ, ಆದರೆ ಉಗ್ಗುತ್ತೆ, ಬೇಡ. ಇನ್ನೊಂದಕ್ಕೆ ಯಾವಾಗಲೂ ಮೂಗು ಸೋರುತ್ತೆ, ಹುಟ್ಟೋ ಮೊದಲೇ ನೆಗಡಿ ಯಾಕೆ, ಬೇಡ. ಮತ್ತೊಂದು ಕಪ್ಪು ಅಂತ ದೊಡ್ಡತ್ತೆ ಶುರುಮಾಡಿದ ಕೂಡಲೇ ನಾನು ಮಿಷನ್ ನಿಲ್ಲಿಸಿ ಅವರನ್ನು ನೋಡಿದೆ. ಅವರು "ಕಪ್ಪಾದ್ರೆ ಎಂತ, ಮುಖ ಲಕ್ಷಣ ಉಂಟು" ಅಂತ ತಿರುಗಿಸಿದರು. ಗಂಡು ಮಗುವನ್ನೇ ಕೂರಿಸಬೇಕು ಅನ್ನೋ ಹಳೇ ನಿಯಮ ಯಾವಾಗ ಬಿದ್ದುಹೋಯಿತೋ ಯಾರಿಗೂ ಗೊತ್ತಾಗಲಿಲ್ಲ. ಗಂಡೋ ಹೆಣ್ಣೋ, ಮಾತಾಡಿದರೆ ಸಾಕು. ಹಾಗೆ ಆರಿಸಿ ಆರಿಸಿ ಕೊನೆಗೆ ನಾದಿನಿಯ ಮಗಳೇ ಗೆದ್ದಳು. ನಾಲ್ಕು ವರ್ಷ. ಮಾತು ಅಂದರೆ ಮಾತು! ನಿದ್ದೆಯಲ್ಲೂ ಯಾರಿಗೋ ಉತ್ತರ ಕೊಡ್ತಾಳೆ. ಅವಳನ್ನು ಸುಮ್ಮನಿರಿಸಬೇಕು ಅಂದರೆ ಊಟ ಹಾಕಬೇಕು, ಊಟ ಹಾಕಿದರೆ ಬಾಯಿ ತುಂಬಿಸಿಕೊಂಡೇ ಮಾತಾಡ್ತಾಳೆ.

ಆಮೇಲೆ ದೊಡ್ಡತ್ತೆ ಎಲೆ ಅಡಿಕೆ ಬಾಯಿಗೆ ಹಾಕ್ಕೊಂಡು, ನನ್ನ ಕಡೆ ನೋಡದೆ, ನನ್ನ ಮಗಳತ್ತ ಗದ್ದ ತೋರಿಸಿ, "ಅವತ್ತು ಇವಳನ್ನ ಎಂತ ಮಾಡದು? ಜನ, ಗಲಾಟೆ. ಪಾಪ ಅದಕ್ಕೂ ಹಿಂಸೆ" ಅಂದರು. ಅತ್ತೆ ನನ್ನ ಮುಖ ನೋಡಿದರು. ಅಂಗಡಿಯಿಂದ ಊಟಕ್ಕೆ ಬಂದಿದ್ದ ನನ್ನ ಗಂಡ, "ನಾನು ಬಸ್ಸಲ್ಲಿ ತೀರ್ಥಹಳ್ಳಿಗೆ ಕರ್ಕೊಂಡು ಹೋಗಿ ವಾಪಸ್ ಬರ್ತೀನಿ. ಅವಳಿಗೆ ಬಸ್ಸಂದ್ರೆ ಖುಷಿ" ಅಂದರು.

ಜನ, ಗಲಾಟೆ ಅನ್ನೋದು ಅರ್ಧ ಸತ್ಯ. ಉಳಿದರ್ಧ ಎಲ್ಲರಿಗೂ ಗೊತ್ತಿತ್ತು. ನನ್ನ ಎದುರಿಗೆ, ನನ್ನ ಹತ್ತಿರ, ಆ ಹೊತ್ತು ಅವಳು ಇರಬಾರದು. ಅವಳ ಹಾಗೆ ಇನ್ನೊಂದು ಆಗಬಾರದು. ಬಸ್ಸಿನ ಹೆಂಗಸಿಗೆ ತಿರುಗಿ ಕೊಟ್ಟ ಬಾಯಿ ನನಗಿತ್ತಲ್ಲ, ಅದೇ ಬಾಯಿಂದ ನಾನು "ಹೂಂ" ಅಂದೆ. ಮಗಳು ಆಗ ನನ್ನ ಕಾಲ ಬುಡದಲ್ಲೇ ಕೂತು ಹುಕ್ಕುಗಳನ್ನು ಸಾಲಾಗಿ ಜೋಡಿಸ್ತಿದ್ದಳು.

ಬಯಕೆ ಊಟದ ದಿನ ಬೆಳಿಗ್ಗೆ ಒಂಬತ್ತರ ಬಸ್ಸಿಗೆ ಅಪ್ಪ ಮಗಳು ಹೊರಟರು. ಅವಳು ಹೊಸ ಫ್ರಾಕು ಹಾಕ್ಕೊಂಡು, ತಿರುಗಿಯೂ ನೋಡದೆ ಹೋದಳು. ಅವರು ರಸ್ತೆಯ ತಿರುವು ದಾಟೋವರೆಗೆ ನಾನು ಬಾಗಿಲಲ್ಲೇ ನಿಂತಿದ್ದೆ.

ಹನ್ನೊಂದೂವರೆಗೆ ಮನೆ ತುಂಬ ಜನ. ಸುಮಾರು ನಲವತ್ತು ಮಂದಿ. ಹೋಳಿಗೆ, ಪಾಯಸ, ಚಿತ್ರಾನ್ನ, ಚಕ್ಕುಲಿ, ಕಡುಬು, ಅದಕ್ಕೆ ಕೋಳಿ ಸಾರು, ಹುರಿದ ಮೀನು. ಗಂಡಸರು ಬಯಕೆ ಊಟಕ್ಕೆ ಬರೋದೇ ಆ ಸಾರಿಗೆ. ನನ್ನನ್ನು ಮಣೆ ಮೇಲೆ ಕೂರಿಸಿದರು. ಪಕ್ಕದ ಮಣೆಗೆ ನಾದಿನಿ ಮಗಳು ಜರಿ ಲಂಗ ಹಾಕ್ಕೊಂಡು ಬಂದು ಕೂತಳು. ಬಂದವಳೇ ಶುರು. ಅತ್ತೆ ನಿಮ್ಮ ಬಳೆ ಎಷ್ಟು, ಅತ್ತೆ ಈ ಮೀನಿಗೆ ಕಣ್ಣಿದೆ, ಅತ್ತೆ ನಿಮ್ಮ ಹೊಟ್ಟೇಲಿ ಪಾಪು ಮಲಗಿದ್ಯಾ ಕೂತಿದ್ಯಾ. ದೊಡ್ಡತ್ತೆ ಕಣ್ಣು ತುಂಬಿಕೊಂಡು ನೋಡ್ತಿದ್ದರು. "ಮಾತಾಡು ಪುಟ್ಟಿ, ಮಾತಾಡು, ಎಷ್ಟು ಬೇಕಾದ್ರೂ ಮಾತಾಡು!"

ಆರತಿ ಆಯಿತು. ಅತ್ತೆ ಮೊದಲ ತುತ್ತು ಕಲಸಿ ನನ್ನ ಬಾಯಿ ಹತ್ತಿರ ತಂದರು. ಬಸುರಿ ಮೊದಲ ತುತ್ತು ತಿಂದ ಮೇಲೇ ಉಳಿದವರ ಎಲೆಗೆ ಬಡಿಸೋದು. ಹೊರಗೆ ಜಗಲಿಯಲ್ಲಿ ಗಂಡಸರು ಆಗಲೇ ಎಲೆ ಮುಂದೆ ಕೂತು ನೀರು ಚಿಮುಕಿಸಿಕೊಂಡಿದ್ದರು.

ಆಗ ಆ ಪುಟ್ಟಿ, ಇಡೀ ಮನೆಗೆ ಕೇಳೋ ಹಾಗೆ, ಬಹಳ ಖುಷಿಯಿಂದ ಹೇಳಿದಳು. "ಅತ್ತೆ, ನಾನಿಲ್ಲಿ ಕೂತ್ರೆ ನಿಮ್ಮ ಪಾಪು ಅಕ್ಕನ ಥರ ಆಗಲ್ವಂತೆ! ಸರಿಯಾಗಿ ಆಗತ್ತಂತೆ! ಅದಕ್ಕೇ ಅಕ್ಕನ್ನ ಬಸ್ಸಲ್ಲಿ ಕಳ್ಸಿದ್ದಂತೆ. ನಮ್ಮಮ್ಮ ಹೇಳ್ತು."

ಅಬ್ಬಾ! ನಾದಿನಿಯ ಮುಖ ಸುಟ್ಟ ಬದನೆಕಾಯಿಯ ಹಾಗಾಯಿತು. ಅತ್ತೆಯ ಕೈಯಲ್ಲಿದ್ದ ತುತ್ತು ನನ್ನ ಬಾಯೆದುರು ಹಾಗೇ ನಿಂತಿತು. ಮಾತು ಬೇಕು ಮಾತು ಬೇಕು ಅಂತ ಹುಡುಕಿ ತಂದು ಕೂರಿಸಿದ್ದು ನಾವೇ ತಾನೆ, ಅನುಭವಿಸಬೇಕು.

ನಾದಿನಿ ಮೇಲೆ ಎಗರಿಬೀಳೋಣ ಅಂತ ಬಾಯಿ ತೆರೆದೆ. ಆದರೆ ಆ ಮಗು ಹೇಳಿದ್ದರಲ್ಲಿ ಸುಳ್ಳೇನಿತ್ತು? ನಾನೂ ಅದಕ್ಕೇ ಅಲ್ಲವಾ ಹೂಂ ಅಂದಿದ್ದು? ನನ್ನ ಮಗಳು ನನ್ನ ಪಕ್ಕ ಕೂರಲಿಕ್ಕೆ ಆಗದ ಮಗು ಅಂತ ನಾನೇ ಒಪ್ಪಿಕೊಂಡು ಅವಳಿಗೆ ಫ್ರಾಕು ಹಾಕಿ ಕಳಿಸಿದ್ದೆ. ನನ್ನ ಮೇಲೆ ನನಗೆ ಬಂದಂಥ ಸಿಟ್ಟು ಇದುವರೆಗೆ ಯಾರ ಮೇಲೂ ಬಂದಿಲ್ಲ.

"ಅವಳು ಬರ್ಲಿ" ಅಂದೆ. "ಅವಳು ಬಂದು ಇಲ್ಲಿ ಕೂತ ಮೇಲೇ ನಾನು ತಿನ್ನೋದು."

"ಎಲೆ ಮುಂದೆ ಕೂತ ಬಸುರಿ ಉಪಾಸ ಇರಬಾರ್ದು!" ಅಂತ ದೊಡ್ಡತ್ತೆ ಕೂಗಿದರು.

"ಹಂಗಾದ್ರೆ ಬೇಗ ಕರೆಸಿ."

ಗಂಡನಿಗೆ ಫೋನ್ ಹಚ್ಚಿದೆ. ಹತ್ತು ಸಲ ಹಚ್ಚಿದ ಮೇಲೆ ಸಿಕ್ಕರು. ವಾಪಸ್ ಬರ್ತಾ ಹುಂಚದ ಹತ್ತಿರ ಇದ್ದರು. "ಇಳಿದು ಆಟೋ ಮಾಡಿಸ್ಕೊಂಡು ಬನ್ರಿ" ಅಂದೆ.

"ಏ ಮಾರಾಯ್ತಿ, ಅವಳು ಹೊಸನಗರ ಬರದೆ ಇಳಿಯಲ್ಲ ಅಂತ ನಿಂಗೆ ಗೊತ್ತಿಲ್ವಾ? ಡ್ರೈವರ್ ಟೀ ಕುಡಿಯಕ್ಕೆ ಬೇರೆ ಇಳಿದಿದಾನೆ."

"ಅವನಿಗೆ ಹೇಳಿ, ಇಲ್ಲಿ ನಲವತ್ತು ಜನ ಅವನ ದಾರಿ ಕಾಯ್ತಿದಾರೆ ಅಂತ."

ಕಾದೆವು. ಮುಕ್ಕಾಲು ಗಂಟೆ, ಒಂದು ಗಂಟೆ, ಅದರ ಮೇಲೆ. ಜಗಲಿಯಲ್ಲಿ ಎಲೆಗೆ ಚಿಮುಕಿಸಿದ ನೀರು ಒಣಗಿಹೋಯಿತು. ಒಬ್ಬರು ಉಪ್ಪು ಮಾತ್ರ ಬಡಿಸಿದ್ದ ಎಲೆಯಿಂದ ಉಪ್ಪನ್ನೇ ನೆಕ್ಕಿದರು. ಇನ್ನೊಬ್ಬರು ಕೋಳಿ ಸಾರಿನ ಪಾತ್ರೆಯ ಮುಚ್ಚಳ ತೆಗೆದು, ಕೆಟ್ಟಿದೆಯಾ ನೋಡ್ತೀನಿ ಅಂತ ಮೂರು ಸಲ ನೋಡಿದರು. ನಾದಿನಿ ಬಂದು ನನ್ನ ಕಾಲ ಹತ್ತಿರ ಕೂತು "ತಪ್ಪಾಯ್ತು ಅತ್ತಿಗೆ" ಅಂತ ಅತ್ತಳು. ನನಗೂ ಅಳು ಬಂತು. ಅವಳ ಮಗಳು ಮಾತ್ರ ಇಬ್ಬರ ಕಣ್ಣೀರನ್ನೂ ಲಂಗದ ತುದಿಯಿಂದ ಒರೆಸ್ತಾ, ಮೀನಿಗೆ ಹಲ್ಲಿದೆಯಾ ಅಂತ ವಿಚಾರಿಸ್ತಿದ್ದಳು. ಅವಳ ಮೇಲೆ ಹೇಗೆ ಸಿಟ್ಟು ಮಾಡೋದು ಹೇಳಿ, ಅವಳ ಕೈಗೊಂದು ಚಕ್ಕುಲಿ ಕೊಟ್ಟೆ.

ಅಂತೂ ಬಾಗಿಲಲ್ಲಿ ಮಗಳು ಕಾಣಿಸಿದಳು. ಜನ ನೋಡಿದವಳೇ ಎರಡೂ ಕಿವಿ ಮುಚ್ಚಿ ಹೊಸಿಲಲ್ಲೇ ನಿಂತಳು. ಬರಲಿಲ್ಲ ಅಂದರೆ ಎಳೆದು ತರೋ ಹಾಗಿಲ್ಲ. ಆಗ ನಮ್ಮತ್ತೆ, ಒಂದು ಸಲವೂ ದನಿ ಏರಿಸದ ಹೆಂಗಸು, ಸೌಟು ಹಿಡಕೊಂಡು ನಡುಮನೆಗೆ ಬಂದು, "ಯಾರೂ ಬಾಯಿ ಬಿಡಬ್ಯಾಡಿ! ಒಂದು ಪಿಟಕ್ ಅಂದ್ರೆ ಸಾರು ಇಲ್ಲ!" ಅಂದರು.

ಬ್ಯಾಕೋಡಿನಿಂದ ತೀರ್ಥಹಳ್ಳಿವರೆಗಿನ ನಮ್ಮ ಅಷ್ಟೂ ನೆಂಟರು ಬಾಯಿ ಮುಚ್ಚಿ ಕೂತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನಾದಿನಿ ತನ್ನ ಮಗಳನ್ನು ಮಣೆಯಿಂದ ಮಡಿಲಿಗೆ ಎಳಕೊಂಡು ಬಾಯಿಗೆ ಒಂದು ಇಡೀ ಹೋಳಿಗೆ ತುರುಕಿದಳು.

ಐದು ನಿಮಿಷ ಆದ ಮೇಲೆ ಮಗಳು ಒಂದು ಕಿವಿಯಿಂದ ಕೈ ತೆಗೆದಳು. ಗೋಡೆಗೆ ಭುಜ ಸವರಿಕೊಂಡು ಬಂದಳು. ಪಕ್ಕದ ಮಣೆ ನೋಡಿದಳು, ನನ್ನನ್ನು ನೋಡಲಿಲ್ಲ. ಎಲೆ ನೋಡಿ ಗಾಬರಿಯಾದಳು. ಪಾಯಸ ಹರಿದು ಚಿತ್ರಾನ್ನಕ್ಕೆ ತಾಗಿತ್ತು, ಹೋಳಿಗೆ ಮೇಲೆ ಚಕ್ಕುಲಿ ಕೂತಿತ್ತು. ಒಂದಕ್ಕೊಂದು ತಾಗಿದ ಊಟ ಅವಳ ಲೆಕ್ಕದಲ್ಲಿ ಅನಾಹುತ. ಪಟ್ಟಂತ ಮಣೆ ಮೇಲೆ ಕೂತು ಕೆಲಸ ಶುರುಮಾಡಿದಳು. ಬಿಳಿಯವು ಒಂದು ಕಡೆ, ಹಳದಿಯವು ಒಂದು ಕಡೆ, ಮೀನನ್ನು ಎತ್ತಿ ಎಲೆಯಿಂದಲೇ ಆಚೆ, ದೊಡ್ಡತ್ತೆಯ ಮಡಿಲಿಗೆ. ದೊಡ್ಡತ್ತೆ ಸಾರಿನ ಆಸೆಗೆ ಪಿಟಕ್ ಅನ್ನಲಿಲ್ಲ. ಎಲ್ಲ ಸರಿಯಾದ ಮೇಲೆ ಒಂದು ಬಿಳಿ ಕಡುಬು ಮುರಿದು ತಾನು ತಿಂದಳು.

ಅತ್ತೆ ನನಗೂ ಒಂದು ತುತ್ತು ಕಡುಬು ಕೊಟ್ಟರು. ಮನೆ ತುಂಬ ನಿಟ್ಟುಸಿರು. ಜಗಲಿಗೆ ಸಾರಿನ ಪಾತ್ರೆ ಓಡಿತು.

ಬಡಿಸೋ ಗಡಿಬಿಡಿಯಲ್ಲಿ ದೊಡ್ಡತ್ತೆ ಅತ್ತೆಯ ಸೆರಗು ಹಿಡಿದು ನಿಲ್ಲಿಸಿ, ಪಿಸುದನಿಯಲ್ಲಿ ಕೇಳಿದ್ದು ನನಗೆ ಕೇಳಿಸಿತು. "ಅಲ್ಲ, ಇದನ್ನೇ ಕೂರಿಸಿದ್ರಲ್ಲ. ನಾಳೆ ಹುಟ್ಟದೂ ಹಿಂಗೇ ಆದ್ರೆ?"

ತಿರುಗಿ ಏನಾದರೂ ಹೇಳಬೇಕು ಅಂದರೆ ನನ್ನ ಬಾಯಿ ತುಂಬ ಕಡುಬು.

"ಆದ್ರೆ ಆಗ್ಲಿ ಅತ್ತಿಗೆ" ಅಂದರು ಅತ್ತೆ. "ಮೊದಲನೇ ಸಲ ನಮಗೆ ಎಂತದೂ ಗೊತ್ತಿರ್ಲಿಲ್ಲ. ಈಗ ಸಾಕಿ ಗೊತ್ತದೆ."

ಅಷ್ಟು ಹೇಳಿ ಅವರು ಸಾರು ಬಡಿಸಲಿಕ್ಕೆ ಹೋದರು. ಏಳು ತಿಂಗಳಿಂದ ಯಾರಾದರೂ ಈ ಒಂದು ಮಾತು ಹೇಳಲಿ ಅಂತ ನಾನು ಕಾದಿದ್ದೆ. ಡಾಕ್ಟರು ಹೇಳಲಿಲ್ಲ, ಗಂಡ ಹೇಳಲಿಲ್ಲ, ನನಗೆ ನಾನೂ ಹೇಳಿಕೊಂಡಿರಲಿಲ್ಲ. ಬಾಯಲ್ಲಿದ್ದದ್ದನ್ನು ನುಂಗಿ, ಜಗಲಿಯಲ್ಲಿದ್ದ ಅತ್ತೆಯನ್ನು ಕೂಗಿ ಕರೆದು, "ನಂಗೂ ಸಾರು ಹಾಕಿ, ಹಸಿವಾಗ್ತಿದೆ" ಅಂದೆ.